ಸಮ್ಮಿಳನ ರಿಯಾಕ್ಟರಿನ ತಂಪು ನೀರು: ರಸಾಯನ ಕಾಯುವ, ತುಕ್ಕು ತಡೆಯುವ ಹಂತಗಳು

“ಅಣು ವಿದ್ಯುತ್ ಸ್ಥಾವರದವರು ನೀರಿನ ರಸಾಯನವನ್ನು ದಶಕಗಳಿಂದ ನಿಭಾಯಿಸುತ್ತಾ ಬಂದಿದ್ದಾರೆ. ನೀರಿನ ಮಿತಿಗಳ ಅವರ ಕೋಷ್ಟಕವನ್ನೇ ಸಮ್ಮಿಳನ ರಿಯಾಕ್ಟರಿಗೂ ಇಟ್ಟುಕೊಂಡರೆ ಸಾಲದೇ?” ಈ ಕ್ಷೇತ್ರಕ್ಕೆ ಹೊಸದಾಗಿ ಕಾಲಿಟ್ಟ ಎಂಜಿನಿಯರುಗಳೂ ಸಂಶೋಧನಾ ವಿದ್ಯಾರ್ಥಿಗಳೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸಾಲದು. ಆ ಕೋಷ್ಟಕದಿಂದ ಕಲಿಯುವುದು ಬೇಕಾದಷ್ಟಿದೆ, ಆದರೆ ಹಾಗೇ ನಕಲು ಮಾಡಿಕೊಂಡರೆ ಮೂರು ಕಡೆ ಎಡವುತ್ತೀರಿ.

ಮೊದಲನೆಯದು ತಾಮ್ರ. ವಿದಳನ ಸ್ಥಾವರದ (ಪರಮಾಣು ಬೀಜ ಸೀಳಿ ನಡೆಯುವ ಈಗಿನ ಅಣು ಸ್ಥಾವರದ) ಪ್ರಾಥಮಿಕ ಲೂಪಿನಲ್ಲಿ (ಇಂಧನದ ಶಾಖ ಹೊರುವ ಮುಚ್ಚಿದ ನೀರಿನ ಸುತ್ತಿನಲ್ಲಿ) ತಾಮ್ರವನ್ನು ಹತ್ತಿರ ಸೇರಿಸುವುದಿಲ್ಲ. ಇಲ್ಲಿ ಅತಿ ಹೆಚ್ಚು ಶಾಖ ಬೀಳುವ ಜಾಗದಲ್ಲೇ, ಅಂದರೆ ಡೈವರ್ಟರಿನಲ್ಲಿ (ಅತಿ ಬಿಸಿ ಅನಿಲವಾದ ಪ್ಲಾಸ್ಮಾದ ಶಾಖ ಮತ್ತು ಕಸ ಹೊರಬೀಳುವ ತಳಭಾಗ), ತಾಮ್ರ-ಕ್ರೋಮಿಯಂ-ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಿರುತ್ತವೆ. ಎರಡನೆಯದು ನ್ಯೂಟ್ರಾನಿನ ಚೈತನ್ಯ. ಡ್ಯುಟೀರಿಯಂ-ಟ್ರಿಟಿಯಂ (ಜಲಜನಕದ ಎರಡು ಭಾರದ ರೂಪಗಳು, ಎರಡನೆಯದು ವಿಕಿರಣಶೀಲ) ಸಮ್ಮಿಳನದಲ್ಲಿ ಹುಟ್ಟುವ ಪ್ರತಿ ನ್ಯೂಟ್ರಾನಿಗೂ 14.1 ಎಂಇವಿ (ಮಿಲಿಯನ್ ಎಲೆಕ್ಟ್ರಾನ್-ವೋಲ್ಟ್) ಚೈತನ್ಯವಿರುತ್ತದೆ. ವಿದಳನದ ನ್ಯೂಟ್ರಾನುಗಳ ಸರಾಸರಿ ಸುಮಾರು 2 ಎಂಇವಿ ಮಾತ್ರ. ಮೂರನೆಯದು ಕೆಲಸದ ರೀತಿ. ವಿದ್ಯುತ್ ಸ್ಥಾವರ ತಿಂಗಳುಗಟ್ಟಲೆ ಒಂದೇ ಹದದಲ್ಲಿ ಓಡುತ್ತದೆ, ಟೋಕಮಾಕ್ (ಕಾಂತಗಳಿಂದ ಪ್ಲಾಸ್ಮಾವನ್ನು ಹಿಡಿದಿಡುವ ಸಮ್ಮಿಳನ ಯಂತ್ರ) ಉರಿದು ನಿಂತು, ಮತ್ತೆ ಉರಿದು ನಿಲ್ಲುತ್ತದೆ.

ಕೆಳಗಿನ ಹಂತಗಳು ನೀರಿನಿಂದ ತಂಪಾಗುವ ಟೋಕಮಾಕ್ ಲೂಪನ್ನೂ ಅದನ್ನು ಅನುಕರಿಸುವ ಪರೀಕ್ಷಾ ಲೂಪನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಿಮ್ಮ ಯಂತ್ರದ ವಿನ್ಯಾಸ ದಾಖಲೆಯಲ್ಲಿ ಬೇರೆ ಮಿತಿ ಇದ್ದರೆ ಅದೇ ಅಂತಿಮ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದ್ದು

ಕೊಳವೆ ನಕ್ಷೆ, ನೀರು ಮುಟ್ಟುವ ಎಲ್ಲ ಲೋಹಗಳ ಪಟ್ಟಿ, ಪ್ರತಿ ಭಾಗದ ತಾಪಮಾನ ಮತ್ತು ನೀರಿನ ವೇಗ, ಜೊತೆಗೆ ವರ್ಷದ ಕಾರ್ಯಾಚರಣೆಯ ವೇಳಾಪಟ್ಟಿ. ಕೊನೆಯದನ್ನು ರಸಾಯನದವರು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಉರಿಯುವ ಗಂಟೆಗಳು ಎಷ್ಟು, ಬಿಸಿಯಾಗಿ ಸುಮ್ಮನಿರುವ ಗಂಟೆಗಳು ಎಷ್ಟು, ನೀರು ಖಾಲಿ ಮಾಡಿ ಬಿಡುವ ವಾರಗಳು ಎಷ್ಟು ಎಂಬುದು ಗೊತ್ತಿಲ್ಲದೆ ತುಕ್ಕಿನ ಲೆಕ್ಕ ಹಾಕಲು ಕೂರಬೇಡಿ. ಇಲ್ಲಿ “ತುಕ್ಕು” ಎಂದರೆ ಕಬ್ಬಿಣದ ಕೆಂಪು ಪುಡಿಯಷ್ಟೇ ಅಲ್ಲ, ನೀರಿನ ಸಂಪರ್ಕದಲ್ಲಿ ಯಾವುದೇ ಲೋಹ ರಾಸಾಯನಿಕವಾಗಿ ಸವೆಯುವುದು.

ಹಂತ 1: ಅತಿ ದುರ್ಬಲ ಲೋಹ ಯಾವುದೆಂದು ಗುರುತಿಸಿ

ನೀರಿನ ಹದ ನಿರ್ಧರಿಸುವುದು ಲೂಪಿನ ಅತಿ ಸೂಕ್ಷ್ಮ ಲೋಹ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಅಂತರರಾಷ್ಟ್ರೀಯ ಟೋಕಮಾಕ್ ಆದ ಇಟರ್ ಯಂತ್ರದ ನಿರ್ವಾತ ಪಾತ್ರೆಯೊಳಗಿನ ಭಾಗಗಳಲ್ಲಿ 316ಎಲ್ ಜಾತಿಯ ಸ್ಟೇನ್‌ಲೆಸ್ ಸ್ಟೀಲೂ ತಾಮ್ರದ ಮಿಶ್ರಲೋಹವೂ ಒಂದೇ ನೀರನ್ನು ಹಂಚಿಕೊಳ್ಳುತ್ತವೆ. ನೀರು ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಹೋಗುತ್ತದೆ, ಒತ್ತಡ ಸುಮಾರು 40 ಬಾರ್. ಇಟರಿನ ನಂತರ ಬರಲಿರುವ ಯುರೋಪಿನ ಡೆಮೊ ವಿದ್ಯುತ್ ಸ್ಥಾವರ ಯೋಜನೆಯ ನೀರು-ತಂಪಿನ ಬ್ಲ್ಯಾಂಕೆಟ್ (ಪ್ಲಾಸ್ಮಾವನ್ನು ಸುತ್ತುವರಿದು ನ್ಯೂಟ್ರಾನ್ ಹೀರುವ ಹೊದಿಕೆ) ವಿನ್ಯಾಸವೇ ಬೇರೆ: 155 ಬಾರ್, 295ರಿಂದ 328 ಡಿಗ್ರಿ, ಲೋಹ ಯೂರೋಫರ್-97 ಎಂಬ ಶೇ. 9 ಕ್ರೋಮಿಯಂ ಉಕ್ಕು. ಕ್ರೋಮಿಯಂ ಕಡಿಮೆ ಇರುವುದರಿಂದ ಇದು ಸ್ಟೇನ್‌ಲೆಸ್‌ಗಿಂತ ಬೇಗ ಸವೆಯುತ್ತದೆ. ಈ ಎರಡು ಯಂತ್ರಗಳಿಗೆ ಒಂದೇ ನೀರಿನ ಹದ ಹೊಂದುವುದಿಲ್ಲ.

ಪಟ್ಟಿ ಮಾಡುವಾಗ ಕವಾಟಗಳ ಒಳಭಾಗವನ್ನು ಬಿಡಬೇಡಿ. ಸವೆಯದಿರಲೆಂದು ಹಾಕುವ ಸ್ಟೆಲ್ಲೈಟ್ ಲೇಪನದಲ್ಲಿ ಅರ್ಧಕ್ಕಿಂತ ಹೆಚ್ಚು ಕೋಬಾಲ್ಟ್ ಇರುತ್ತದೆ. ಅದು ಮುಂದೆ ಏನಾಗುತ್ತದೆ ಎಂಬುದನ್ನು ಹಂತ 7ರಲ್ಲಿ ನೋಡಿ. ಅಲ್ಯೂಮಿನಿಯಂ ಭಾಗವೇನಾದರೂ ಇದೇ ಲೂಪಿನಲ್ಲಿದ್ದರೆ ಅದನ್ನು ಬೇರೆ ಲೂಪಿಗೆ ಹಾಕಿಸಿ. ನೀರಿನಲ್ಲಿ ಕರಗಿದ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತು ಅದನ್ನು ತೂತು ಮಾಡುತ್ತದೆ.

ಹಂತ 2: ನೀರು ತುಂಬುವ ಮೊದಲು ಲೂಪನ್ನು ತೊಳೆಯಿರಿ

ಸ್ಟೇನ್‌ಲೆಸ್ ಸ್ಟೀಲಿನ ಶತ್ರು ಕ್ಲೋರೈಡ್. ಎಳೆತ ಇರುವ ಜಾಗದಲ್ಲಿ, ಮುಖ್ಯವಾಗಿ ಬೆಸುಗೆಯ ಪಕ್ಕದಲ್ಲಿ, ಕ್ಲೋರೈಡ್ ಮತ್ತು ಆಮ್ಲಜನಕ ಸೇರಿದರೆ ಲೋಹ ಬಿರುಕು ಬಿಡುತ್ತದೆ. ಇದಕ್ಕೆ ಒತ್ತಡ-ತುಕ್ಕು ಬಿರುಕು ಎನ್ನುತ್ತಾರೆ. ಸುಮಾರು 60 ಡಿಗ್ರಿ ದಾಟಿದ ಮೇಲೆ ಈ ಅಪಾಯ ಗಂಭೀರವಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಎಣಿಕೆ.

ಕ್ಲೋರೈಡ್ ನೀರಿನಿಂದಲೇ ಬರಬೇಕೆಂದಿಲ್ಲ. ಕೊಳವೆಯ ಮೇಲೆ ಗುರುತು ಹಾಕಿದ ಮಾರ್ಕರ್ ಪೆನ್ನಿನ ಶಾಯಿ, ತುದಿ ಮುಚ್ಚಲು ಸುತ್ತಿದ ಪಿವಿಸಿ ಟೇಪು, ಕೈಗವಸು ಇಲ್ಲದೆ ಮುಟ್ಟಿದ ಬೆವರಿನ ಕೈ, ಕ್ಲೋರಿನ್ ಇರುವ ಗ್ರೀಸ್ ತೆಗೆಯುವ ದ್ರಾವಕ, ಇವೆಲ್ಲವೂ ಮೂಲಗಳೇ. ದ್ರಾವಕದ ವಿಷಯದಲ್ಲಂತೂ ರಾಜಿ ಬೇಡ. ಸಂದಿಯಲ್ಲಿ ಉಳಿದದ್ದು ವಿಕಿರಣಕ್ಕೆ ಸಿಕ್ಕಿ ಒಡೆದು ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ.

ಮಾಮೂಲಿ ತಪ್ಪು: ಒತ್ತಡ ಪರೀಕ್ಷೆಗೆಂದು ತುಂಬಿದ ನೀರನ್ನು ವಾರಗಟ್ಟಲೆ ಹಾಗೇ ಬಿಟ್ಟುಬಿಡುವುದು. ನಿಂತ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಸುಗೆಯ ಬಳಿ ಗೂಡು ಕಟ್ಟಿ, ಒಳ್ಳೆಯ ಸ್ಟೇನ್‌ಲೆಸ್ ಕೊಳವೆಯನ್ನೂ ತೂತು ಮಾಡಿದ ಉದಾಹರಣೆಗಳು ಕೈಗಾರಿಕೆಗಳಲ್ಲಿ ಸಾಕಷ್ಟಿವೆ. ಪರೀಕ್ಷೆಗೂ ಖನಿಜರಹಿತ ನೀರನ್ನೇ ಬಳಸಿ, ಮುಗಿದ ಕೂಡಲೇ ಖಾಲಿ ಮಾಡಿ ಒಣಗಿಸಿ.

ಹಂತ 3: ಆಮ್ಲಜನಕ ಎಲ್ಲಿರಬೇಕು ಎಂದು ತೀರ್ಮಾನಿಸಿ

ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಗಾಳಿಗೆ ತೆರೆದಿಟ್ಟ ನೀರಿನಲ್ಲಿ 25 ಡಿಗ್ರಿಯಲ್ಲಿ ಸುಮಾರು 8,000 ಪಿಪಿಬಿ ಆಮ್ಲಜನಕ ಕರಗಿರುತ್ತದೆ. (ಪಿಪಿಬಿ ಎಂದರೆ ನೂರು ಕೋಟಿಯಲ್ಲಿ ಒಂದು ಭಾಗ, ನೀರಿನ ಲೆಕ್ಕದಲ್ಲಿ ಒಂದು ಲೀಟರಿಗೆ ಒಂದು ಮೈಕ್ರೋಗ್ರಾಂ.) ಆಮ್ಲಜನಕ ಕಡಿಮೆಯಾದಷ್ಟೂ ತುಕ್ಕು ಕಡಿಮೆ ಎಂದು ಎಲ್ಲರೂ ಭಾವಿಸುತ್ತಾರೆ. ತಾಮ್ರದ ನಡವಳಿಕೆ ಅಷ್ಟು ಸರಳವಿಲ್ಲ. ಆಮ್ಲಜನಕ 20 ಪಿಪಿಬಿಗಿಂತ ಕಡಿಮೆ ಇದ್ದರೆ ತಾಮ್ರದ ಮೇಲೆ ಕೆಂಪು ಕ್ಯೂಪ್ರಸ್ ಆಕ್ಸೈಡಿನ ತೆಳು ಪದರ ಭದ್ರವಾಗಿ ಕೂರುತ್ತದೆ. 2,000 ಪಿಪಿಬಿಗಿಂತ ಹೆಚ್ಚಿದ್ದರೆ ಕಪ್ಪು ಕ್ಯೂಪ್ರಿಕ್ ಆಕ್ಸೈಡಿನ ಪದರ ಕಾಪಾಡುತ್ತದೆ. ಕೆಲವು ನೂರು ಪಿಪಿಬಿಯ ನಡುವಿನ ಪಟ್ಟಿಯಲ್ಲಿ ಮಾತ್ರ ಯಾವ ಪದರವೂ ನೆಲೆ ನಿಲ್ಲುವುದಿಲ್ಲ. ತಾಮ್ರ ಅತಿ ವೇಗವಾಗಿ ನೀರಿಗೆ ಇಳಿಯುತ್ತದೆ, ಬೇರೆಲ್ಲೋ ಆಕ್ಸೈಡಾಗಿ ಕೂತು ಕಿರುದಾರಿಗಳನ್ನು ಕಟ್ಟಿಸುತ್ತದೆ. ದೊಡ್ಡ ವಿದ್ಯುತ್ ಜನರೇಟರುಗಳ ಟೊಳ್ಳು ತಾಮ್ರದ ವಾಹಕಗಳಲ್ಲಿ ಇದನ್ನು ದಶಕಗಳಿಂದ ಕಂಡಿದ್ದಾರೆ. ನೀರಿನಿಂದ ತಂಪಾಗುವ ತಾಮ್ರದ ಕಾಂತ ಸುರುಳಿಗಳಿಗೂ ಅದೇ ಪಾಠ.

ಹಾಗಾದರೆ ಎರಡರಲ್ಲಿ ಯಾವುದು? ವಿಕಿರಣ ಬೀಳದ ಕಾಂತ ಸುರುಳಿಯ ಲೂಪಿಗೆ ಎರಡೂ ಸಾಧ್ಯ, ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ಪಾತ್ರೆಯೊಳಗಿನ ಲೂಪಿನಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಬಿರುಕಿನ ಭಯವೂ ಇರುವುದರಿಂದ ನನ್ನ ಮತ ಕಡಿಮೆ ಆಮ್ಲಜನಕದ ಕಡೆಗೇ.

ಮಾಮೂಲಿ ತಪ್ಪು: ಕಡಿಮೆ ಆಮ್ಲಜನಕದ ಲೂಪಿಗೆ ಗಾಳಿ ಬೆರೆತ ಮೇಲು ನೀರು (ಕಡಿಮೆಯಾದದ್ದನ್ನು ತುಂಬಲು ಹಾಕುವ ನೀರು) ಸೇರಿಸುವುದು. ಪ್ರತಿ ಸಲ ಸೇರಿಸಿದಾಗಲೂ ನೀವು ಆ ಕೆಟ್ಟ ನಡುಪಟ್ಟಿಯನ್ನು ಹಾದುಹೋಗುತ್ತೀರಿ. ಮೇಲು ನೀರಿನ ತೊಟ್ಟಿಗೆ ನೈಟ್ರೋಜನ್ ಹೊದಿಕೆ ಹಾಕಿ. ಆಮ್ಲಜನಕ ತೆಗೆಯಲು ನೈಟ್ರೋಜನ್ ಗುಳ್ಳೆ ಹಾಯಿಸುವುದು, ನಿರ್ವಾತದಲ್ಲಿ ಗಾಳಿ ಬಿಡಿಸುವುದು, ಪೊರೆಯ ಘಟಕ, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಹೈಡ್ರಜೀನ್ ಕೆಲಸ ಮಾಡುತ್ತದೆ, ಆದರೆ ವಿಷಕಾರಿ. ಬೇರೆ ದಾರಿ ಇರುವಾಗ ನಾನಂತೂ ಅದನ್ನು ಸೂಚಿಸುವುದಿಲ್ಲ.

ಹಂತ 4: ಜಲಜನಕ ಸೇರಿಸಿ ನೀರಿನ ಒಡೆತ ತಡೆಯಿರಿ

ತುಂಬುವಾಗ ಆಮ್ಲಜನಕ ತೆಗೆದರೂ ಯಂತ್ರ ಉರಿದ ಕ್ಷಣದಿಂದ ನೀರೇ ಅದನ್ನು ಹುಟ್ಟಿಸತೊಡಗುತ್ತದೆ. ವಿಕಿರಣ ಬಿದ್ದಾಗ ನೀರಿನ ಅಣು ಒಡೆದು ಹೈಡ್ರಾಕ್ಸಿಲ್ ತುಣುಕುಗಳು, ಜಲಜನಕ, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತವೆ. ಪೆರಾಕ್ಸೈಡ್ ಒಡೆದರೆ ಆಮ್ಲಜನಕ. ಇದಕ್ಕೆ ರೇಡಿಯಾಲಿಸಿಸ್ ಎನ್ನುತ್ತಾರೆ.

ಮದ್ದು ಸರಳ: ನೀರಿನಲ್ಲಿ ಮೊದಲೇ ಸಾಕಷ್ಟು ಜಲಜನಕ ಕರಗಿಸಿಡುವುದು. ಅದು ಹೈಡ್ರಾಕ್ಸಿಲ್ ತುಣುಕನ್ನು ಹಿಡಿದು ಮತ್ತೆ ನೀರು ಮಾಡುತ್ತದೆ. ಆಗ ಬಿಡುಗಡೆಯಾಗುವ ಜಲಜನಕ ಪರಮಾಣು ಪೆರಾಕ್ಸೈಡನ್ನು ಒಡೆಯುತ್ತದೆ, ಹೀಗೆ ಸರಪಳಿಯಾಗಿ ಕೆಲಸ ಸಾಗುತ್ತದೆ. ಒತ್ತಡದ ನೀರಿನ ವಿದಳನ ರಿಯಾಕ್ಟರುಗಳಲ್ಲಿ ಪ್ರತಿ ಕಿಲೋ ನೀರಿಗೆ 25ರಿಂದ 50 ಘನ ಸೆಂಟಿಮೀಟರ್ ಜಲಜನಕ ಇಡುವ ರೂಢಿಯಿದೆ. ಕೋಣೆಯ ತಾಪದಲ್ಲಿ, ಒಂದು ವಾತಾವರಣದ ಒತ್ತಡದಲ್ಲಿ ನೀರು ಹಿಡಿಯುವುದು ಸುಮಾರು 18 ಘನ ಸೆಂಟಿಮೀಟರ್. ಆದ್ದರಿಂದ ಅಷ್ಟು ಬೇಕೆಂದರೆ ತೊಟ್ಟಿಯಲ್ಲಿ ಒಂದು ಬಾರ್‌ಗಿಂತ ಹೆಚ್ಚಿನ ಜಲಜನಕದ ಒತ್ತಡವೇ ಬೇಕು.

ಇಲ್ಲಿ ಎರಡು ಎಚ್ಚರಿಕೆ. ಜಲಜನಕ ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಉರಿಯುತ್ತದೆ, ತೊಟ್ಟಿಯ ಮೇಲ್ಭಾಗದ ಅನಿಲ ಎಲ್ಲಿ ಹೊರಹೋಗುತ್ತದೆ ಎಂಬುದನ್ನು ಮೊದಲೇ ನಿರ್ಧರಿಸಿ. ಎರಡನೆಯದು ಸೂಕ್ಷ್ಮ. ಡೈವರ್ಟರಿನ ಮೇಲೆ ಚದರ ಮೀಟರಿಗೆ 10 ಮೆಗಾವ್ಯಾಟ್, ಕೆಲವೊಮ್ಮೆ 20ರವರೆಗೆ ಶಾಖ ಬೀಳುತ್ತದೆ. ಕೊಳವೆಯ ಗೋಡೆಗೆ ಅಂಟಿದ ನೀರಿನಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದರೆ ಜಲಜನಕ ಗುಳ್ಳೆಯೊಳಗೆ ಹೋಗುತ್ತದೆ, ಪೆರಾಕ್ಸೈಡ್ ಗೋಡೆಯ ನೀರಿನಲ್ಲೇ ಉಳಿಯುತ್ತದೆ. ತೊಟ್ಟಿಯ ಮಾಪಕ ಎಲ್ಲ ಸರಿಯಿದೆ ಎನ್ನುತ್ತಿರುವಾಗಲೇ ಗೋಡೆ ಸವೆಯುತ್ತಿರಬಹುದು.

ಲೆಕ್ಕ ಹಾಕುವವರಿಗೆ ಒಂದು ಮಾತು: ಗಾಮಾ ಕಿರಣಕ್ಕೆ ಅಳೆದ ಒಡೆತದ ಸಂಖ್ಯೆಗಳನ್ನು ವೇಗದ ನ್ಯೂಟ್ರಾನಿಗೆ ಹಾಕಬೇಡಿ. ನ್ಯೂಟ್ರಾನು ಹೊಡೆದೋಡಿಸಿದ ಪ್ರೋಟಾನುಗಳ ಹಾದಿಯಲ್ಲಿ ಚೈತನ್ಯ ಒತ್ತೊತ್ತಾಗಿ ಸುರಿಯುವುದರಿಂದ ಪೆರಾಕ್ಸೈಡಿನ ಪಾಲು ಹೆಚ್ಚು.

ಹಂತ 5: ಪಿಎಚ್ ಹೊಂದಿಸಿ

ತಾಮ್ರಕ್ಕೂ ಉಕ್ಕಿಗೂ ಸ್ವಲ್ಪ ಕ್ಷಾರೀಯ ನೀರು ಹಿತ. ತಾಮ್ರ ನೀರಿಗೆ ಇಳಿಯುವುದು ಪಿಎಚ್ 8ರಿಂದ 9ರ ಸುಮಾರಿನಲ್ಲಿ ಗಣನೀಯವಾಗಿ ತಗ್ಗುತ್ತದೆ. ಸುರುಳಿಯ ನೀರಿಗೆ ಮಾತ್ರ ಒಂದು ತೊಡಕು: ಅಲ್ಲಿ ನೀರು ವಿದ್ಯುತ್ ನಿರೋಧಕವೂ ಆಗಿರಬೇಕು, ಕ್ಷಾರ ಹೆಚ್ಚಿಸಿದರೆ ವಾಹಕತೆ ಏರುತ್ತದೆ.

ಬಿಸಿ ಲೂಪಿಗೆ ಯಾವ ಕ್ಷಾರ? ಲಿಥಿಯಂ ಹೈಡ್ರಾಕ್ಸೈಡ್ ಬಳಸುವುದಾದರೆ ಸಹಜ ಲಿಥಿಯಂ ಬೇಡ. ಅದರಲ್ಲಿ ಶೇ. 7.5ರಷ್ಟಿರುವ ಲಿಥಿಯಂ-6 ನ್ಯೂಟ್ರಾನ್ ಹೀರಿ ಟ್ರಿಟಿಯಂ ಆಗುತ್ತದೆ. ವಿದಳನ ಸ್ಥಾವರಗಳಲ್ಲೂ ಇದೇ ಕಾರಣಕ್ಕೆ ಶುದ್ಧೀಕರಿಸಿದ ಲಿಥಿಯಂ-7 ಬಳಸುತ್ತಾರೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇನ್ನೊಂದು ದಾರಿ, ರಷ್ಯಾದ ವಿವಿಇಆರ್ ಸ್ಥಾವರಗಳು ಅದನ್ನೇ ನಂಬಿವೆ. ವಿದಳನದವರು ಸರಪಳಿ ಕ್ರಿಯೆ ತಗ್ಗಿಸಲು ನೀರಿಗೆ ಹಾಕುವ ಬೋರಿಕ್ ಆಮ್ಲದ ಗೊಡವೆ ನಮಗಿಲ್ಲ, ಇಲ್ಲಿ ಹದ್ದುಬಸ್ತಿನಲ್ಲಿಡಬೇಕಾದ ಸರಪಳಿ ಕ್ರಿಯೆಯೇ ಇಲ್ಲ.

ಪಿಎಚ್ ಎಂದಾಗ ಯಾವ ತಾಪಮಾನದ್ದು ಎಂದು ಬರೆದಿಡಿ. ತಟಸ್ಥ ನೀರಿನ ಪಿಎಚ್ 25 ಡಿಗ್ರಿಯಲ್ಲಿ 7, ಆದರೆ 100 ಡಿಗ್ರಿಯಲ್ಲಿ ಸುಮಾರು 6.1. ಬಿಸಿ ನೀರಿನಲ್ಲಿ 6.5 ಎಂದರೆ ಅದು ಕ್ಷಾರೀಯ ನೀರು.

ಹಂತ 6: ಶುದ್ಧೀಕರಣದ ಪಕ್ಕದಾರಿ ಸದಾ ತೆರೆದಿರಲಿ

ಹರಿವಿನ ಒಂದು ಸಣ್ಣ ಪಾಲನ್ನು ತಂಪು ಮಾಡಿ, ಸೋಸಿ, ಮಿಶ್ರ ರಾಳದ ಹಾಸಿನ ಮೂಲಕ ಹಾಯಿಸಿ ಹಿಂದಕ್ಕೆ ಬಿಡಬೇಕು. ರಾಳ ಎಂದರೆ ನೀರಿನಲ್ಲಿ ಕರಗಿದ ಲವಣದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವ ಪ್ಲಾಸ್ಟಿಕ್ ಮಣಿಗಳು. ಕ್ಲೋರೈಡ್ ಹಿಡಿಯುವ ಬಗೆಯ ಮಣಿ ಸುಮಾರು 60 ಡಿಗ್ರಿಗಿಂತ ಹೆಚ್ಚಿನ ಬಿಸಿ ತಡೆಯದು, ಆದ್ದರಿಂದಲೇ ತಂಪು ಮಾಡುವುದು. ಮಣಿ ಪುಡಿಯಾಗಿ ಲೂಪಿಗೆ ಸೇರಿದರೆ ಬಿಸಿಗೂ ವಿಕಿರಣಕ್ಕೂ ಒಡೆದು ಸಲ್ಫೇಟ್ ಬಿಡುತ್ತದೆ. ಹಾಸಿನ ನಂತರ ಬಲೆಯ ಸೋಸುಕ ಕಡ್ಡಾಯ.

ಕ್ಷಾರ ಹಾಕಿದ ಲೂಪಾದರೆ ರಾಳವನ್ನೂ ಅದೇ ಕ್ಷಾರದಿಂದ ಮೊದಲು ತುಂಬಿಸಿ, ಇಲ್ಲದಿದ್ದರೆ ನೀವು ಹಾಕಿದ್ದನ್ನೆಲ್ಲ ಅದೇ ನುಂಗಿಬಿಡುತ್ತದೆ.

ಹಂತ 7: ವಿಕಿರಣಶೀಲವಾದ ತುಕ್ಕಿನ ಲೆಕ್ಕ ಇಡಿ

ಸಾಮಾನ್ಯ ಕಾರ್ಖಾನೆಯಲ್ಲಿ ತುಕ್ಕಿನ ಪ್ರಶ್ನೆ ಕೊಳವೆ ಎಷ್ಟು ವರ್ಷ ಬಾಳುತ್ತದೆ ಎಂಬುದು. ಇಲ್ಲಿ ಅದಕ್ಕಿಂತ ಮುಖ್ಯವಾದದ್ದು ದುರಸ್ತಿಗೆ ಬರುವವರಿಗೆ ಎಷ್ಟು ವಿಕಿರಣ ತಗಲುತ್ತದೆ ಎಂಬುದು. ಗೋಡೆಯಿಂದ ಬಿಟ್ಟ ಲೋಹ ನ್ಯೂಟ್ರಾನಿಗೆ ಸಿಕ್ಕಿ ವಿಕಿರಣಶೀಲವಾಗುತ್ತದೆ, ನೀರಿನೊಡನೆ ಹೊರಬಂದು ಪಂಪು, ಕವಾಟ, ಶಾಖ ವಿನಿಮಯಕಗಳಲ್ಲಿ ಕೂರುತ್ತದೆ.

ಕಬ್ಬಿಣದಿಂದ ಮ್ಯಾಂಗನೀಸ್-54 (ಅರ್ಧಾಯುಷ್ಯ 312 ದಿನ), ನಿಕ್ಕಲ್‌ನಿಂದ ಕೋಬಾಲ್ಟ್-58 (71 ದಿನ) ಹುಟ್ಟುವುದು ವಿದಳನದವರಿಗೂ ಗೊತ್ತು. ಸಮ್ಮಿಳನದ ವಿಶೇಷ ಬೇರೆ: ವೇಗದ ನ್ಯೂಟ್ರಾನು ತಾಮ್ರ-63ನ್ನು ಹೊಡೆದಾಗ ಆಲ್ಫಾ ಕಣವೊಂದು ಹೊರಬಿದ್ದು ಕೋಬಾಲ್ಟ್-60 ಉಳಿಯುತ್ತದೆ. ಅರ್ಧಾಯುಷ್ಯ 5.27 ವರ್ಷ, 1.17 ಮತ್ತು 1.33 ಎಂಇವಿಯ ಎರಡು ಗಾಮಾ ಕಿರಣ. ಅಂದರೆ ಒಂದಿಷ್ಟೂ ಕೋಬಾಲ್ಟ್ ಕಲಬೆರಕೆ ಇಲ್ಲದ ತಾಮ್ರವೂ ಕೋಬಾಲ್ಟಿನ ಮೂಲವೇ. ಹಂತ 3ರಲ್ಲಿ ತಾಮ್ರಕ್ಕಾಗಿ ಅಷ್ಟು ಒದ್ದಾಡಿದ್ದು ಇದಕ್ಕೇ. ಇದರ ಮೇಲೆ ಸ್ಟೆಲ್ಲೈಟ್ ಕವಾಟವನ್ನೂ ಸೇರಿಸಿದರೆ ಭಾರ ದುಪ್ಪಟ್ಟು.

ನೀರೂ ವಿಕಿರಣಶೀಲವಾಗುತ್ತದೆ. ಆಮ್ಲಜನಕ-16, ಸುಮಾರು 10 ಎಂಇವಿಗಿಂತ ಹೆಚ್ಚಿನ ನ್ಯೂಟ್ರಾನ್ ತಗಲಿದಾಗ ನೈಟ್ರೋಜನ್-16 ಆಗುತ್ತದೆ. ಅರ್ಧಾಯುಷ್ಯ 7.1 ಸೆಕೆಂಡು, ಹೊಮ್ಮುವ ಗಾಮಾ ಕಿರಣ 6 ಎಂಇವಿಗೂ ಹೆಚ್ಚು. ಇದನ್ನು ರಸಾಯನದಿಂದ ತಡೆಯಲಾಗದು, ಕಾಯುವುದೊಂದೇ ದಾರಿ. ನೀರು ಪಂಪಿನ ಕೋಣೆ ತಲುಪಲು 70 ಸೆಕೆಂಡು ಹಿಡಿಯುವಂತೆ ಕೊಳವೆ ಸುತ್ತಿಸಿದರೆ ಅದು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೈಟ್ರೋಜನ್-17 (4.2 ಸೆಕೆಂಡು) ಇನ್ನೂ ಬೇಗ ಅಳಿಯುತ್ತದೆ. ಆದರೆ ಅದು ನ್ಯೂಟ್ರಾನನ್ನೇ ಉಗುಳುವುದರಿಂದ ದಾರಿಯಲ್ಲಿನ ಕೊಳವೆಯನ್ನೂ ವಿಕಿರಣಶೀಲ ಮಾಡಬಲ್ಲದು.

ಗೋಡೆ ದಾಟಿ ನೀರಿಗೆ ಸೇರುವ ಟ್ರಿಟಿಯಂ ಮರೆಯಬೇಡಿ. ಅದರ ಬೀಟಾ ಕಿರಣ ಎಷ್ಟು ದುರ್ಬಲವೆಂದರೆ ಕೈಯಲ್ಲಿ ಹಿಡಿಯುವ ಸಾಮಾನ್ಯ ಮಾಪಕಕ್ಕೆ ಕಾಣುವುದೇ ಇಲ್ಲ. ನೀರಿನ ಮಾದರಿಯನ್ನು ದ್ರವ ಸಿಂಟಿಲೇಷನ್ ಎಣಿಕೆಗೆ (ಮಿನುಗುವ ದ್ರವದಲ್ಲಿ ಬೆರೆಸಿ ಬೆಳಕಿನ ಮಿಂಚು ಎಣಿಸುವುದಕ್ಕೆ) ಕಳಿಸಲೇಬೇಕು.

ಹಂತ 8: ಅಳತೆಯನ್ನು ನಂಬುವ ಮೊದಲು ಪರೀಕ್ಷಿಸಿ

ಕೆಟ್ಟ ನೀರಿಗಿಂತ ಕೆಟ್ಟ ಅಳತೆ ಹೆಚ್ಚು ತೊಂದರೆ ಕೊಡುತ್ತದೆ. ಕೆಲವು ಸರಳ ತಾಳೆಗಳಿವೆ.

ವಾಹಕತೆ ಮತ್ತು ಪಿಎಚ್ ಒಂದಕ್ಕೊಂದು ಸಾಕ್ಷಿ ಹೇಳಬೇಕು. ಅತಿ ಶುದ್ಧ ನೀರಿನ ವಾಹಕತೆ 25 ಡಿಗ್ರಿಯಲ್ಲಿ 0.055 ಮೈಕ್ರೋಸೀಮೆನ್ಸ್ ಪ್ರತಿ ಸೆಂಟಿಮೀಟರ್. ನಿಮ್ಮ ಮಾಪಕ ವಾಹಕತೆ 0.1 ಎಂದು, ಪಿಎಚ್ 5.5 ಎಂದು ತೋರಿಸಿದರೆ ಎರಡರಲ್ಲೊಂದು ಸುಳ್ಳು. ಪಿಎಚ್ 5.5ಕ್ಕೆ ಬೇಕಾದ ಆಮ್ಲವೊಂದೇ ವಾಹಕತೆಯನ್ನು 1ರ ಮೇಲೆ ಒಯ್ಯುತ್ತದೆ. ಸಾಮಾನ್ಯವಾಗಿ ಸುಳ್ಳು ಹೇಳುವುದು ಪಿಎಚ್ ಮಾಪಕ. ಬೀಕರಿನಲ್ಲಿ ಹಿಡಿದ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ತಾನಾಗಿ 5.6ರ ಕಡೆ ಜಾರುತ್ತದೆ. ಮುಚ್ಚಿದ ಹರಿವಿನ ಕೋಶದಲ್ಲೇ ಅಳೆಯಿರಿ.

ಆಮ್ಲಜನಕದ ಸಂಖ್ಯೆ ಇದ್ದಕ್ಕಿದ್ದಂತೆ 30 ಪಿಪಿಬಿಗೆ ಏರಿತೇ? ಲೂಪನ್ನು ಬೈಯುವ ಮೊದಲು ಮಾದರಿ ಕೊಳವೆಯ ಹರಿವನ್ನು ದುಪ್ಪಟ್ಟು ಮಾಡಿ ನೋಡಿ. ಸಂಖ್ಯೆ ಅರ್ಧಕ್ಕಿಳಿದರೆ ಗಾಳಿ ಮಾದರಿ ಕೊಳವೆಯಲ್ಲೇ ನುಸುಳುತ್ತಿದೆ. ಜೋಡಣೆ ಸಡಿಲವಾಗಿರಬಹುದು, ಅಥವಾ ಯಾರೋ ಅನುಕೂಲಕ್ಕೆಂದು ಒಂದು ತುಂಡು ಸಿಲಿಕೋನ್ ಕೊಳವೆ ಹಾಕಿರಬಹುದು. ಸಿಲಿಕೋನ್, ಟೆಫ್ಲಾನ್ ಕೊಳವೆಗಳ ಗೋಡೆಯ ಮೂಲಕವೇ ಆಮ್ಲಜನಕ ಹಾದುಬರುತ್ತದೆ. ತುದಿಯಿಂದ ತುದಿಗೆ ಸ್ಟೇನ್‌ಲೆಸ್ ಕೊಳವೆಯೇ ಇರಲಿ. ಹರಿವು ಬದಲಿಸಿದರೂ ಸಂಖ್ಯೆ ಕದಲದಿದ್ದರೆ ಆಮ್ಲಜನಕ ನಿಜವಾಗಿ ಲೂಪಿನದ್ದು.

ಪೆರಾಕ್ಸೈಡ್ ಬಗ್ಗೆ: ಉದ್ದನೆಯ ಬಿಸಿ ಮಾದರಿ ಕೊಳವೆಯಲ್ಲಿ ಅದು ಮಾಪಕ ತಲುಪುವ ಮೊದಲೇ ಒಡೆದು ಆಮ್ಲಜನಕವಾಗಿರುತ್ತದೆ. ಮಾದರಿ ತೆಗೆದಲ್ಲೇ ತಂಪು ಮಾಡಿ.

ಕ್ಷಾರ ಹಾಕಿದ ನೀರಿನಲ್ಲಿ ನೇರ ವಾಹಕತೆಯಿಂದ ಕ್ಲೋರೈಡ್ ಪತ್ತೆಯಾಗದು. ಮಾದರಿಯನ್ನು ಮೊದಲು ಕ್ಯಾಟಯಾನ್ ರಾಳದ (ಧನ ಅಯಾನುಗಳನ್ನು ಹಿಡಿಯುವ ಮಣಿಗಳ) ಮೂಲಕ ಹಾಯಿಸಿ ಕ್ಷಾರ ತೆಗೆದು, ಆಮೇಲೆ ವಾಹಕತೆ ನೋಡಬೇಕು. ಆಗ 10 ಪಿಪಿಬಿ ಕ್ಲೋರೈಡ್ ಕೂಡ 0.055ನ್ನು ಸುಮಾರು 0.14ಕ್ಕೆ ಏರಿಸಿ ಸಿಕ್ಕಿಬೀಳುತ್ತದೆ. ಲೋಹದ ಲೆಕ್ಕಕ್ಕೆ 0.45 ಮೈಕ್ರಾನ್ ಸೋಸುಪೊರೆಯಲ್ಲಿ ಉಳಿದ ಕಣಗಳನ್ನೂ ಕರಗಿದ್ದನ್ನೂ ಬೇರೆ ಬೇರೆ ಅಳೆಯಿರಿ, ಮಾದರಿ ಕೊಳವೆಯನ್ನು ಸದಾ ಹರಿಯಲು ಬಿಡಿ. ನಿಂತು ಹೊರಟ ಕೊಳವೆ ಮೊದಲ ಹತ್ತು ನಿಮಿಷ ತನ್ನದೇ ಕೆಸರನ್ನು ಕೊಡುತ್ತದೆ.

ಹಂತ 9: ನಿಲುಗಡೆ, ಬೇಕಿಂಗ್, ಒಣಗಿಸುವಿಕೆ

ಯಂತ್ರ ಉರಿಯದಿದ್ದಾಗಲೂ ನೀರಿನ ಹದ ಅದೇ ಇರಬೇಕು. ಪ್ಲಾಸ್ಮಾ ನಿಂತಿತೆಂದು ಜಲಜನಕವನ್ನೂ ಶುದ್ಧೀಕರಣವನ್ನೂ ನಿಲ್ಲಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಪ್ರತಿ ಸಲ ಹದ ಬದಲಾದಾಗಲೂ ಆಕ್ಸೈಡ್ ಪದರ ತನ್ನ ರೂಪ ಬದಲಿಸಿ ಒಂದಷ್ಟು ಕಣ ಬಿಡುತ್ತದೆ.

ಬೇಕಿಂಗ್ ಎಂದರೆ ನಿರ್ವಾತ ಪಾತ್ರೆಯ ಗೋಡೆಗಳಿಗೆ ಅಂಟಿದ ತೇವ, ಅನಿಲ ಬಿಡಿಸಲು ಬಿಸಿ ಮಾಡುವುದು. ಇಟರಿನಲ್ಲಿ ಇದಕ್ಕೆ ಲೂಪಿನ ನೀರನ್ನೇ 240 ಡಿಗ್ರಿಗೆ ಒಯ್ಯುವ ಯೋಜನೆಯಿದೆ. ಆ ತಾಪದಲ್ಲಿ ನೀರು ಕುದಿಯದಿರಲು 33 ಬಾರ್‌ಗಿಂತ ಹೆಚ್ಚು ಒತ್ತಡ ಬೇಕು. ನ್ಯೂಟ್ರಾನ್ ಇಲ್ಲದ ಈ ಅವಧಿಯನ್ನು ಸುರಕ್ಷಿತ ಎಂದುಕೊಳ್ಳುತ್ತಾರೆ, ಆದರೆ ಇಡೀ ಕಾರ್ಯಾಚರಣೆಯಲ್ಲಿ ನೀರು ಅತಿ ಬಿಸಿ ಇರುವುದು ಆಗಲೇ. ವಿದಳನ ಸ್ಥಾವರಗಳ ಒಂದು ರೂಢಿಯನ್ನು ಇಲ್ಲಿ ಯಥಾವತ್ತಾಗಿ ತೆಗೆದುಕೊಳ್ಳಿ: ಆಮ್ಲಜನಕ 100 ಪಿಪಿಬಿಗಿಂತ ಕೆಳಗಿಳಿಯದೆ 120 ಡಿಗ್ರಿ ದಾಟುವಂತಿಲ್ಲ. ತಾಮ್ರವಿರುವ ಲೂಪಿಗೆ ಆ 100 ಕೂಡ ಹೆಚ್ಚೇ, 20ಕ್ಕೆ ಇಳಿಸಿಯೇ ಬಿಸಿ ಏರಿಸಿ.

ದುರಸ್ತಿಗೆಂದು ನೀರು ಖಾಲಿ ಮಾಡುವಾಗ, ಬಿಸಿ ಕೊಳವೆಯಿಂದ ನೀರು ಬಸಿದು ಗಾಳಿ ಒಳಬಿಡಬೇಡಿ, ನೈಟ್ರೋಜನ್ ಒಳಬಿಡಿ. ತಗ್ಗಿನಲ್ಲಿ, ಬೆಸುಗೆಯ ಸಂದಿಯಲ್ಲಿ ಉಳಿದ ಹನಿ ತಾನಾಗಿ ಒಣಗಲು ಬಿಟ್ಟರೆ ನೀರು ಹೋಗುತ್ತದೆ, ಕ್ಲೋರೈಡ್ ಉಳಿಯುತ್ತದೆ. ಕೆಲವು ಪಿಪಿಬಿ ಇದ್ದದ್ದು ಆ ಒಂದು ಹನಿಯಲ್ಲಿ ಸಾವಿರಾರು ಪಟ್ಟು ಗಟ್ಟಿಯಾಗಿರುತ್ತದೆ. ಒಣ ನೈಟ್ರೋಜನ್ ಊದಿ, ಆಮೇಲೆ ನಿರ್ವಾತ ಎಳೆದು, ಹೊರಬರುವ ಅನಿಲದ ಇಬ್ಬನಿ ಬಿಂದು (ಅದರಲ್ಲಿನ ತೇವ ಹನಿಗಟ್ಟುವ ತಾಪಮಾನ) ಅಳೆಯಿರಿ. ಊದುವುದನ್ನು ಒಂದು ಗಂಟೆ ನಿಲ್ಲಿಸಿ ಮತ್ತೆ ಅಳೆದಾಗ ಅದು ಏರಿದರೆ ಒಳಗೆಲ್ಲೋ ಇನ್ನೂ ನೀರಿದೆ ಎಂದರ್ಥ. ಏರದಿದ್ದರೆ ಸಣ್ಣ ನೈಟ್ರೋಜನ್ ಒತ್ತಡದಲ್ಲಿ ಮುಚ್ಚಿ, ಕವಾಟಕ್ಕೆ ಚೀಟಿ ಕಟ್ಟಿ, ದಿನಾಂಕದ ಜೊತೆಗೆ ಇಬ್ಬನಿ ಬಿಂದುವನ್ನೂ ಅದರಲ್ಲಿ ಬರೆಯಿರಿ.